ಮಸಿ ಹಿಡಿದ ಪಾತೇಲಿ ಮತ್ತು ನಮ್ಮ ವೈನಿ

ನಿನ್ನೆ ಹಾಲು ಕಾಯಿಸಿ ಇಳಿಸಿದ ಪಾತೇಲಿಯ ತಳ ಕರ್ರಗಾಗಿತ್ತು. ಅದನ್ನು ತಿಕ್ಕುತ್ತ ನಿಂತವಳಿಗೆ ಅಂಕಲಿಯ ನಮ್ಮ ಪಕ್ಕದ ಮನೆಯ ಸೊಸೆ, ನಾನು ಅತ್ತಿಗೆಯೆಂಬಂತೆ ವೈನಿ ಎಂದೇ ಕರೆಯುತ್ತಿದ್ದವಳು, ನೆನಪಾದಳು... ನೆನಪಾಗಿ ಮೈಯೆಲ್ಲ ಉರಿಯಿತು.

ವೈನಿ ನಿಪ್ಪಾಣಿಯಿಂದ ಮದುವೆಯಾಗಿ ಬಂದಾಗ ಬಿ.ಎಸ್ಸಿ. ಕೊನೆಯ ಪರೀಕ್ಷೆ ಬಾಕಿಯಿತ್ತು. ಬರೆಸುತ್ತೇವೆ ಎಂದು ಮಾತು ಕೊಟ್ಟೇ ಕರೆತಂದಿದ್ದರು. ಗಂಡ ನಮ್ಮ ಹೈಸ್ಕೂಲಿನ ವಿಜ್ಞಾನ ಮಾಸ್ತರರು. ಹತ್ತನೆಯ ತರಗತಿಯಲ್ಲಿದ್ದ ನನಗೆ ಅವರ ಪಾಠ ತಲೆಗೆ ಹೋಗದಿದ್ದರೆ ವೈನಿಯ ಅಡುಗೆಮನೆಗೆ ಓಡುತ್ತಿದ್ದೆ. ಶೇಂಗಾ ಸುಲಿಯುತ್ತಲೇ ಹೇಳುತ್ತಿದ್ದಳು: "ಕಾರ್ಬನ್ನಿಗೆ ನಾಕ್ ಕೈ ಅವ ಅಂತ ತಿಳಕೊ. ಒಂದೊಂದ್ ಕೈ ಒಬ್ಬೊಬ್ಬರನ್ನ ಹಿಡಿದ್ರ ಪರ್ಯಾಪ್ತ. ಎರಡು ಕಾರ್ಬನ್ ತಮ್ಮತಮ್ಮೊಳಗ ಎರಡೋ ಮೂರೋ ಕೈ ಹಿಡಕೊಂಡು ಕುಂತ್ರ ಅಪರ್ಯಾಪ್ತ. ಅದು ಉರಿದ್ರ ಹಳದಿ ಉರಿ, ಮಸಿ."

ಆ ಮನೆಯ ಪಾತೇಲಿಗಳೂ ಆಗ ಕಪ್ಪಾಗತೊಡಗಿದ್ದವು. ಅತ್ತೆಯದು ದಿನಾ ಒಂದೇ ರಾಗ: "ಕಾಲೇಜ್ ಕಲ್ತಾಳಂತ, ಪಾತೇಲಿ ಇಡಾಕ ಬರಂಗಿಲ್ಲ ಇಕಿಗೆ!" ಒಂದು ದಿನ ನನ್ನೆದುರೇ ವೈನಿ ಮೆಲ್ಲಗೆ ಅಂದಳು, "ಗ್ಯಾಸ್ ಪರ್ಯಾಪ್ತ ಐತ್ರಿ ಅತ್ತಿ, ನೀಲಿ ಉರೀಬೇಕು. ಶೇಗಡಿ ಗಾಳಿತೂತು ಕಟ್ಟ್ಯಾವ್ರಿ." ಪಿನ್ನಿನಿಂದ ಒಲೆಯ ತೂತು ಬಿಡಿಸಿ ಹಚ್ಚಿದಳು. ಉರಿ ನೀಲಿಯಾಯಿತು.

ಅದೇ ತಪ್ಪಾಯಿತು ನೋಡಿ! ಸೊಸೆ ತಪ್ಪಿದ್ದರೆ ಬೈದು ಸುಮ್ಮನಾಗುತ್ತಿದ್ದರು. ಸರಿಯಿದ್ದಳಲ್ಲ, ಹೇಗೆ ತಡೆದುಕೊಂಡಾರು? ಅತ್ತೆ ಪಡಸಾಲೆಯಿಂದ ಮಗನನ್ನು ಕರೆದಳು: "ಈಗ ನನಗ ಸಾಲಿ ಕಲಸಾಕತ್ತಾಳ. ಪರೀಕ್ಷಾ ಪಾಸಾದ್ಲಂದ್ರ ನಾಳಿ ನಿನಗೂ ಕಲಸ್ತಾಳ!"

ಮಾಸ್ತರರು ಆ ನೀಲಿ ಉರಿಯನ್ನು ಚೆನ್ನಾಗಿಯೇ ನೋಡಿದರು. "ಪರೀಕ್ಷಾ ಗಿರೀಕ್ಷಾ ಸಾಕಿನ್ನ" ಎಂದು ಹೊರಗೆ ನಡೆದರು.

ಮರುದಿನ ಅದೇ ಮನುಷ್ಯ ಬೋರ್ಡಿನ ಮೇಲೆ ಬರೆದರು: ಗಾಳಿ ಸಾಲದಿದ್ದರೆ ಪರ್ಯಾಪ್ತ ಹೈಡ್ರೋಕಾರ್ಬನ್ ಕೂಡ ಮಸಿ ಕೊಡುತ್ತದೆ, ಪಾತ್ರೆ ಕಪ್ಪಾದರೆ ಒಲೆಯ ಗಾಳಿರಂಧ್ರ ಸ್ವಚ್ಛಗೊಳಿಸಬೇಕು. "ಪರೀಕ್ಷಾಕ ಬರತೈತಿ, ಬಾಯಿಪಾಠ ಮಾಡ್ರಿ" ಎಂದರು. ಥೂ, ಎಂಥ ಮನುಷ್ಯ! ನಾಚಿಕೆಯಾದರೂ ಬೇಡವೇ?

ಆಮೇಲೆ ವೈನಿ ನನಗೆ ಪಾಠ ಹೇಳಲಿಲ್ಲ. ಹೋದರೆ "ಊಟ ಆತೇನ?" ಎನ್ನುತ್ತಿದ್ದಳು, ಅಷ್ಟೇ... ಎಷ್ಟೋ ವರ್ಷ ಹಾಗೇ ಕಳೆಯಿತು.

ಹೋದ ತಿಂಗಳು ತೀರಿಕೊಂಡಳು. ಅಂಕಲಿಯ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡದೊಂದು ಶ್ರದ್ಧಾಂಜಲಿ ಬ್ಯಾನರ್ ಕಟ್ಟಿದ್ದಾರೆ. ಫೋಟೊ ವೈನಿಯದು. ಕೆಳಗೆ ಬಿ.ಎಸ್ಸಿ., ಬಿ.ಎಡ್. ಎಂದು ಬರೆದಿದೆ, ಮಾಸ್ತರರ ಹೆಸರಿನ ಮುಂದೆ.