ಕೂಗಿ ಕೂಗಿ ನಾಯಿಯನ್ನು ಮೈಮೇಲೆ ಕರೆದುಕೊಂಡೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನನ್ನ ಎರಡೂ ಕಾಲು ಉಳಿದದ್ದು ಒಂದು ಕೊಡೆಯಿಂದ! ಹರಿಹರಪುರ ರಸ್ತೆಯಲ್ಲಿ ವಾಕಿಂಗ್ ಹೊರಟಿದ್ದೆ. ಭಟ್ರ ತೋಟದ ಬಾಗಿಲಿಗೆ ಅಡ್ಡ ಹಾಕಿದ್ದ ದಣಪೆ ಹಾರಿ ಅವರ ಕರಿ ನಾಯಿ ಹಲ್ಲು ಕಿರಿದುಕೊಂಡು ಸೀದಾ ನನ್ನ ಕಡೆಗೇ ಬಂತು. ಹೆದರಿ ಓಡಲಿ ಅಂತ ಗಂಟಲು ಹರಿಯುವಂತೆ "ಹೋಯ್! ಹೋ ಹೋ ಹೋ!" ಎಂದು ಕೂಗಿದೆ. ಅದರ ವೇಗ ದುಪ್ಪಟ್ಟಾಯಿತು. ಇನ್ನೂ ಜೋರಾಗಿ ಕೂಗಿದೆ, ಇನ್ನೂ ಜೋರಾಗಿ ಬಂತು.

ತೋಟದೊಳಗಿಂದ ಭಟ್ರು ಕಿರುಚಿದರು: "ಕೂಗಬೇಡಿ ಮಾರಾಯ್ರೆ! ಮಂಗ ಓಡಿಸಲಿಕ್ಕೆ ನಾವು ಹಾಗೇ ಕೂಗಿ ಅದನ್ನು ಬಿಡೋದು! ಸುಮ್ಮನೆ ನಿಂತ್ಕೊಳ್ಳಿ!"

ಅಂದರೆ ಅಷ್ಟು ಹೊತ್ತು ನಾಯಿಯನ್ನು ನನ್ನ ಮೇಲೆ ಛೂ ಬಿಡುತ್ತಿದ್ದವನು ನಾನೇ! ಬಾಯಿ ಮುಚ್ಚಿ, ಕೊಡೆ ಬಿಚ್ಚಿ ಅಡ್ಡ ಹಿಡಿದು, ಅಲ್ಲಾಡದೆ ನಿಂತೆ. ನಾಯಿ ಕೊಡೆಯ ಬಟ್ಟೆಗೆ ಮೂಗು ತಾಗಿಸಿ ಗುರ್ ಎನ್ನುತ್ತಾ ಅಲ್ಲೇ ನಿಂತಿತು.

ಭಟ್ರು ಓಡಿಬಂದು ಅದರ ಕುತ್ತಿಗೆ ಹಿಡಿದರು.

"ಇದನ್ನು ಕಟ್ಟಿ ಹಾಕಬಾರದಾ?" ಎಂದೆ.

"ಕಟ್ಟಿದ್ರೆ ಮಂಗ ಓಡಿಸೋದು ಯಾರು?" ಎಂದವರು ನಾಯಿಯ ಬೆನ್ನು ತಟ್ಟಿದರು. "ತಿಂಗಳಿಂದ ಒಂದು ಮಂಗವೂ ಬಂದಿರಲಿಲ್ಲ. ಇದಕ್ಕೆ ಅಭ್ಯಾಸ ತಪ್ಪಿಹೋಯ್ತೇನೋ ಅಂತಿದ್ದೆ. ಇಲ್ಲ, ಚೆನ್ನಾಗೇ ಇದೆ!"

ಅವರ ನಾಯಿ ಪಾಸಾಯಿತು. ಮಂಗನ ಪಾತ್ರ ಮಾಡಿಕೊಟ್ಟವನಿಗೆ ಒಂದು ಲೋಟ ಕಾಫಿಯೂ ಗಿಟ್ಟಲಿಲ್ಲ.