ಕೆಂಪು ಗುಂಡಿ ಒತ್ತಿದ ಭಾವ

ನಮ್ಮ ಭಾವನವರ ಕಿವಿಗೆ ಹೆದರದ ಯಂತ್ರ ಈ ಭೂಮಂಡಲದಲ್ಲಿ ಇನ್ನೂ ತಯಾರಾಗಿಲ್ಲ. ಯಾರ ಮನೆಗೆ ಕಾಲಿಟ್ಟರೂ ಅವರು ಮೊದಲು ಅಡುಗೆಮನೆಗೆ ನಡೆದು ಫ್ರಿಜ್ಜಿಗೆ ಕಿವಿ ಆನಿಸುತ್ತಾರೆ, ಕ್ಷೇಮಸಮಾಚಾರವೆಲ್ಲ ಆಮೇಲೆ. ಆ ಕಿವಿ ಹತ್ತಿರ ಬರುತ್ತಲೇ ಗೊರಗುಟ್ಟುವ ಮಿಕ್ಸಿಗಳು ಗಂಟಲು ಸರಿಮಾಡಿಕೊಂಡವು, ಕುಣಿಯುವ ವಾಷಿಂಗ್ ಮೆಷಿನ್ನುಗಳು ಸಂಭಾವಿತವಾದವು ಎಂದು ಬಂಧುಬಳಗದಲ್ಲಿ ಪ್ರತೀತಿ. ಮದುವೆಯ ಹೊಸದರಲ್ಲಿ ಅಳಿಯ ತನಗಿಂತ ಮೊದಲು ಫ್ರಿಜ್ಜನ್ನು ವಿಚಾರಿಸಿಕೊಂಡದ್ದನ್ನು ನಮ್ಮಮ್ಮ ಇವತ್ತಿಗೂ ಕ್ಷಮಿಸಿಲ್ಲ.

ಈ ಮಹಾಪುರುಷರು ವಾಷಿಂಗ್ ಮೆಷಿನ್ ಕಾರ್ಖಾನೆಗೆ ಟ್ರೈನಿ ಇಂಜಿನಿಯರಾಗಿ ಸೇರಿದಾಗ ಕೈಗೆ ಸಿಕ್ಕ ದಿವ್ಯಾಸ್ತ್ರ ಒಂದು ಸ್ಕ್ರೂಡ್ರೈವರ್. ಬೆಲ್ಟಿನ ಮೇಲೆ ಸಾಗಿ ಬರುವ ಮೆಷಿನ್ನಿನ ಬೆನ್ನಿಗೆ ತಗಡು ಕೂರಿಸುವುದು ಮೊದಲ ಪರಾಕ್ರಮ. ಅಲ್ಲಿಂದ ಲೈನಿನ ಉಸ್ತುವಾರಿ, ಆಮೇಲೆ ಪ್ರೊಡಕ್ಷನ್ ಇಂಜಿನಿಯರ್, ಆಮೇಲೆ ಹೆಸರಿನ ಹಿಂದೊಂದು ‘ಸೀನಿಯರ್’. ಪಾಳಿ ಮಾತ್ರ ಬಿಡಲಿಲ್ಲ.

ಆ ದಿನಗಳು ಈಗಲೂ ಮೂಗಿಗೆ ಹತ್ತಿದಂತಿವೆ. ಭಾವ ಬಾಗಿಲಿಗೆ ಬರುವ ಮುಂಚೆಯೇ ಬಿಸಿ ಪೇಂಟಿನ, ಹೊಸ ರಬ್ಬರಿನ ವಾಸನೆ ಒಳಗೆ ಬಂದು ಕೂತಿರುತ್ತಿತ್ತು. ರಾತ್ರಿ ಪಾಳಿಯ ವಾರ ಬಂತೆಂದರೆ ಅಕ್ಕ ಹಗಲಲ್ಲೇ ದಪ್ಪ ಪರದೆ ಎಳೆದು, ಮಲಗಿದ ಭಾವ ಏಳದಂತೆ ಮಕ್ಕಳನ್ನು ಸನ್ನೆಯಲ್ಲೇ ಬೈಯುತ್ತಿದ್ದಳು. ಅವೂ ಅಷ್ಟೇ, ಸದ್ದಿಲ್ಲದೆ ಕೂದಲು ಜಗ್ಗಾಡುವ ವಿದ್ಯೆಯಲ್ಲಿ ಪಾರಂಗತವಾಗಿದ್ದವು. ಆ ಮನೆಯ ನಗು ಕೂಡ ಪಿಸುದನಿಯಲ್ಲೇ ಇರುತ್ತಿತ್ತು.

ಕೊನೆಗೊಮ್ಮೆ ಮ್ಯಾನೇಜರ್ ಕುರ್ಚಿ ಖಾಲಿಯಾಯಿತು. ಆ ಕುರ್ಚಿಗೆ ಪಾಳಿ ಇಲ್ಲ, ಹಗಲು ಮಾತ್ರ. ಹೊಸ ಲೈನಿನ ಉದ್ಘಾಟನೆ ಮುಗಿದ ಮೇಲೆ ಕಾರ್ಖಾನೆಯ ಯಜಮಾನರು ಹೆಸರು ಹೇಳುತ್ತಾರೆ ಎಂಬ ಸುದ್ದಿ ಹಬ್ಬಿತು.

“ನೋಡಿ, ಈ ಸಲ ಕುರ್ಚಿ ತಪ್ಪಿದ್ರೆ ನಾನೇ ಬಂದು ನಿಮ್ಮ ಲೈನ್ ನಿಲ್ಲಿಸ್ತೀನಿ” ಅಂದಳು ಅಕ್ಕ. “ರಾತ್ರಿ ಊಟಕ್ಕೆ ಎದುರಿಗೆ ಕೂತ್ಕೊಳ್ಳೋ ಗಂಡ ಬೇಕು ನಂಗೆ.”

ಅಕ್ಕನಿಗೆ ಆ ಶ್ರಮ ಬೇಕಾಗಲಿಲ್ಲ. ಉದ್ಘಾಟನೆಯ ದಿನ ಯಜಮಾನರು ಹಸಿರು ಗುಂಡಿ ಒತ್ತಿದರು, ಆಹ್ವಾನದ ಮೇಲೆ ಹೋಗಿದ್ದ ನಾವು ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದೆವು. ಮೊದಲ ಮೆಷಿನ್ ಪರೀಕ್ಷೆಯ ಜಾಗಕ್ಕೆ ಬಂದು ಗಿರ್ರನೆ ತಿರುಗಿತು. ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದರು. ಭಾವ ಬಗ್ಗಿ ಕಿವಿ ಆನಿಸಿದರು. ಮುಖ ಸಿಂಡರಿಸಿದರು. ನೆಟ್ಟಗೆ ಹೋಗಿ ಕೆಂಪು ಗುಂಡಿ ಒತ್ತಿಬಿಟ್ಟರು!

ಬೆಲ್ಟು ನಿಂತಿತು, ಚಪ್ಪಾಳೆ ನಿಂತಿತು, ಅಕ್ಕನ ಉಸಿರೂ ನಿಂತಿತು.

“ಏನ್ರೀ ಇದು?” ಅಂದರು ಯಜಮಾನರು.

“ಒಳಗೆ ಟಕ್ ಟಕ್ ಅಂತಿದೆ ಸಾರ್. ಏನೋ ಸಡಿಲ ಆಗಿದೆ.”

ಬೆನ್ನಿನ ತಗಡು ಬಿಚ್ಚಿಸಿದರು. ಎಲ್ಲ ಬಿಗಿಯಾಗಿಯೇ ಇತ್ತು. ಮೆಷಿನ್ ಸತ್ತಂತೆ ನಿಂತಿದ್ದರೂ ಟಕ್ ಟಕ್ ಮಾತ್ರ ನಡೆದೇ ಇತ್ತು. ಭಾವ ಆ ಸದ್ದಿನ ಜಾಡು ಹಿಡಿದು, ಬಗ್ಗಿದ ಭಂಗಿಯಲ್ಲೇ ಮೆಷಿನ್ನನ್ನು ಸುತ್ತಿ ಯಜಮಾನರ ಬೆನ್ನ ಹಿಂದೆ ಹೋಗಿ ನಿಂತರು.

“ಸಾರ್... ನಿಮ್ಮ ಪೆನ್ನು.”

ಯಜಮಾನರ ಹೆಬ್ಬೆರಳು ಬಾಲ್‌ಪೆನ್ನಿನ ತಲೆಯ ಮೇಲೆಯೇ ಗಕ್ಕನೆ ನಿಂತಿತು. ಅವರು ಪೆನ್ನು ಜೇಬಿಗಿಟ್ಟು ಮತ್ತೆ ಹಸಿರು ಗುಂಡಿ ಒತ್ತಿದರು.

ಆ ವಾರವಿಡೀ ಅಕ್ಕ ಪಾತ್ರೆಗಳೊಡನೆ ಮಾತ್ರ ಮಾತಾಡಿದಳು, ಅದೂ ಜೋರಾಗಿ. ವಾರದ ಕೊನೆಗೆ ಯಜಮಾನರು ಭಾವನವರನ್ನು ತಮ್ಮ ಕೋಣೆಗೆ ಕರೆಸಿದರು.

“ಈ ಕೈಯನ್ನ ಸುಮ್ಮನಿರಿಸೋಕೆ ನನ್ನ ಹೆಂಡ್ತಿಗೇ ಆಗಿಲ್ಲ ಕಣ್ರೀ” ಅಂದರಂತೆ. “ಸೋಮವಾರದಿಂದ ಆ ಕುರ್ಚೀಲಿ ಕೂತ್ಕೊಳ್ಳಿ.”

ಸೋಮವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಭಾವ ಮನೆಯಲ್ಲಿದ್ದರು. ಮಕ್ಕಳು ಗಂಟಲು ಹರಿಯುವಂತೆ ಕಿರುಚಾಡುತ್ತಿದ್ದವು, ಯಾರೂ ಬೈಯಲಿಲ್ಲ. ಅಷ್ಟರೊಳಗೆ ಕಾರ್ಖಾನೆಯ ಬಾಯಿಮಾತಿನಲ್ಲಿ ಭಾವ ಯಜಮಾನರ ಕೈಯನ್ನೇ ಹಿಡಿದು ನಿಲ್ಲಿಸಿದ ವೀರರಾಗಿದ್ದರು. ಅಕ್ಕ ಎದುರಿಗೆ ಕೂತು ಊಟ ಬಡಿಸುತ್ತಾ, ಹೆಮ್ಮೆ ಅಡಗಿಸಲಾರದೆ ಕೇಳಿದಳು:

“ಅಲ್ಲಾ, ಅಷ್ಟು ಜನರ ಮುಂದೆ ಯಜಮಾನರನ್ನೇ ತಡೆಯೋ ಧೈರ್ಯ ಎಲ್ಲಿಂದ ಬಂತು ನಿಮಗೆ?”

ಭಾವ ತುತ್ತು ನುಂಗಿ ಹೇಳಿದರು: “ಧೈರ್ಯ ಎಲ್ಲೀದು? ಪೆನ್ನು ಅಂತ ಗೊತ್ತಿದ್ರೆ ಸುಮ್ಮನೆ ಇರ್ತಿದ್ದೆ.”