ಹೆಸರು ಹಿಡಿದು ಕರೆದಾಗ

"ಅವರ ಹೆಸರು ಹಿಡಿದು ಕರೆಯಿರಿ, ಕೇಳಿಸಬಹುದು." ಕೊಲಂಬೊ ಆಸ್ಪತ್ರೆಯ ನರ್ಸ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೆಂಪಮ್ಮನವರಿಗೆ ಕನ್ನಡದಲ್ಲಿ ತಿಳಿಸಿದೆ. ಪ್ರಜ್ಞೆಯಿಲ್ಲದೆ ಮಲಗಿದ್ದವರು ಅವರ ಗಂಡ. ತಮ್ಮೂರು ಕಟ್ಟಾಯದವರ ಜೊತೆ ಪ್ರವಾಸಕ್ಕೆ ಬಂದು ಇಲ್ಲಿ ಕುಸಿದಿದ್ದರು. ಮಂಡಿನೋವೆಂದು ಊರಲ್ಲೇ ಉಳಿದಿದ್ದ ಎಪ್ಪತ್ತು ದಾಟಿದ ಕೆಂಪಮ್ಮನವರ ಪರಿಚಯವೇ ನನಗಿರಲಿಲ್ಲ. ಕೆಲಸದ ಮೇಲೆ ಕೊಲಂಬೊಗೆ ಹೊರಟಿದ್ದವಳು, ಹಾಸನದ ಗೆಳತಿ ಕೇಳಿಕೊಂಡಳೆಂದು ಕರೆತಂದಿದ್ದೆ.

"ಅಯ್ಯೋ, ಗಂಡನ್ ಎಸ್ರ ನಾನೆಂಗವ್ವಾ ಯೋಳ್ಲಿ? ಮದ್ವೇಲಿ ಒಡಪು ಕಟ್ಟಿ ಯೋಳಿದ್ದೇ ಕೊನೆ. ನೀನೇ ಕೂಗವ್ವ."

ನಾನು ಕೂಗಿದೆ. ಏನೂ ಆಗಲಿಲ್ಲ. ಆಗ ಅವರು ಗಂಡನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ಕಿವಿಯ ಬಳಿ ಬಾಗಿ ಪಿಸುಗುಟ್ಟಿದರು: "ನಂಜೇಗೌಡ್ರೇ." ಮತ್ತೆ ಗಟ್ಟಿಯಾಗಿ, "ನಂಜೇಗೌಡ್ರೇ, ನಾನ್ ಬಂದಿವ್ನಿ ಕಣ್ರೀ."

ನನ್ನತ್ತ ತಿರುಗಿ, "ಕೇಳುಸ್ತೇನವ್ವಾ?" ಎಂದರು.

"ಕೇಳಿಸ್ತು, ರೆಪ್ಪೆ ಅಲುಗಿತು" ಎಂದೆ.

ಮರುದಿನ ನಂಜೇಗೌಡರು ತೀರಿಕೊಂಡರು. ರೆಪ್ಪೆ ಅಲುಗಿದ್ದನ್ನು ನಿಜಕ್ಕೂ ಕಂಡೆನೋ, ಕಾಣಬೇಕೆಂದು ಬಯಸಿದೆನೋ, ಇಂದಿಗೂ ನನಗೆ ತಿಳಿಯದು. ಕೆಂಪಮ್ಮನವರು ಮಾತ್ರ ಮಾತನಾಡಿಸಲು ಬಂದವರಿಗೆಲ್ಲ ಹೇಳುತ್ತಾರಂತೆ: "ನಾನ್ ಕೂಗಿದ್ದು ಅವ್ರಿಗೆ ಕೇಳುಸ್ತು."